ಗ್ರಾಫ್ ಕ್ಯಾಲ್ಕುಲೇಟರಿಗೆ ಬಣ್ಣ ಬೇಕೆ ಎಂಬ ವರದಿ

ಇಂಥ ಪ್ರಸಂಗಗಳು ನಮ್ಮ ಕಾಲೇಜಿನಲ್ಲಿ ನಡೆಯುತ್ತಲೇ ಇರುತ್ತವೆ; ನಡೆಯದ ವಾರವೊಂದು ಬಂದರೆ ಅದು ರಜೆಯ ವಾರವೆಂದು ತಿಳಿಯಬೇಕು.

ನಾನು ಗಣಿತದಲ್ಲಿ ಸ್ನಾತಕೋತ್ತರ ಪದವೀಧರೆ. ಹೊಸೂರಿನ ಅಂಚಿನಲ್ಲಿ, ಮೂಕಂಡಪಲ್ಲಿಯ ಕಾರ್ಖಾನೆಗಳಿಗೆ ಹುಡುಗರನ್ನು ತಯಾರು ಮಾಡಿ ಕಳುಹಿಸುವ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಮೂರು ವರ್ಷ ತುಂಬಿದ ತಾತ್ಕಾಲಿಕರನ್ನು ಒಂದೋ ಖಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳುಹಿಸಬೇಕು ಎಂಬುದು ಅಲ್ಲಿನ ನಿಯಮ. ನನ್ನ ಮೂರನೆಯ ವರ್ಷ ಆರಂಭವಾದ ಜೂನ್ ತಿಂಗಳಲ್ಲಿ ಕರೆಸ್ಪಾಂಡೆಂಟ್ ಸಾರ್ ನನ್ನನ್ನು ಕೋಣೆಗೆ ಕರೆಸಿದರು. ತಮಿಳುನಾಡಿನಲ್ಲಿ ಖಾಸಗಿ ಕಾಲೇಜಿನ ಒಡೆಯರಿಗೆ ಇದು ಪದವಿ. ಪತ್ರ ಬರೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಸಾರ್ ಮೊದಲು ಕಪ್ಪು ಗ್ರಾನೈಟ್ ವ್ಯಾಪಾರದಲ್ಲಿದ್ದವರು. ಮನೆಯಲ್ಲಿ ತೆಲುಗು, ಕಡತದಲ್ಲಿ ತಮಿಳು, ನನ್ನ ಜೊತೆ ಕನ್ನಡ.

ನಮ್ಮ ಪ್ರಯೋಗಶಾಲೆಯಲ್ಲಿ ಇಪ್ಪತ್ತು ಗ್ರಾಫ್ ಕ್ಯಾಲ್ಕುಲೇಟರುಗಳಿವೆ. ಸಮೀಕರಣವನ್ನು ಒತ್ತಿದರೆ ಅದರ ರೇಖೆಯನ್ನು ಪರದೆಯ ಮೇಲೆ ಎಳೆದು ತೋರಿಸುವ, ಅಂಗೈಗಿಂತ ತುಸು ದೊಡ್ಡ ಯಂತ್ರ. ಯಾವುದೋ ಕಾರ್ಖಾನೆಯವರು ತಮ್ಮ ತರಬೇತಿ ವಿಭಾಗಕ್ಕೆ ಹೊರದೇಶದಿಂದ ತರಿಸಿ, ಹಳತಾದ ಮೇಲೆ ನಮಗೆ ದಾನವಿತ್ತಿದ್ದರು. ಪರದೆ ಬೂದು, ರೇಖೆ ಕಪ್ಪು. ಈಗ ಬಣ್ಣದ ಪರದೆಯವು ಬಂದಿವೆಯಂತೆ, ಹೊಸ ಇಪ್ಪತ್ತನ್ನು ತರಿಸಬೇಕೋ ಬೇಡವೋ ಎಂದು ನಾನು ವರದಿ ಬರೆಯಬೇಕಂತೆ.

"ನಿನ್ನ ರಿಪೋರ್ಟು ನನ್ನ ಟೇಬಲ್ ಮೇಲೆ ಬಂದ ದಿನ, ನಿನ್ನ ಆರ್ಡರ್ ನಿನ್ನ ಕೈಗೆ ಬರುತ್ತಮ್ಮಾ" ಎಂದರು.

ಪ್ಯಾರಾಬೋಲಾ ಕೆಂಪಗಿರಬೇಕೆ ಎಂಬ ಪ್ರಶ್ನೆಗೆ ನನ್ನ ಜೀವನೋಪಾಯವನ್ನು ಕಟ್ಟಿದ ಬಗೆ ಇದು.

ಮಾವಿನಹಣ್ಣು

ಮೊದಲು ಕಂಪನಿಯ ಪ್ರತಿನಿಧಿ ಬಂದ. ಬಣ್ಣದ ಯಂತ್ರವನ್ನು ಮೇಜಿನ ಮೇಲಿಟ್ಟು, ಗುಂಡಿ ಒತ್ತಿ, ಪರದೆಯ ತುಂಬ ಒಂದು ಮಾವಿನಹಣ್ಣಿನ ಚಿತ್ರವನ್ನು ತೋರಿಸಿದ. ರೇಖೆಯ ಹಿಂದೆ ಬೇಕಾದ ಚಿತ್ರವನ್ನು ಇಟ್ಟುಕೊಳ್ಳುವ ಸೌಲಭ್ಯವಿದೆಯಂತೆ. ಮಾವಿಗೆ ಹೆಸರಾದ ನಮ್ಮ ಕೃಷ್ಣಗಿರಿ ಸೀಮೆಗೆ ಬರುವಾಗ ಯಾವ ಚಿತ್ರ ಹಾಕಿಕೊಂಡು ಬರಬೇಕೆಂಬ ತಿಳಿವಳಿಕೆ ಅವನಿಗಿತ್ತು.

ಅಧ್ಯಾಪಕರೆಲ್ಲ ಸುತ್ತುವರಿದರು. ಹಣ್ಣು ಸೇಂದೂರವೋ ತೋತಾಪುರಿಯೋ ಎಂಬ ಚರ್ಚೆ ಆರಂಭವಾಯಿತು. ಮೆಕ್ಯಾನಿಕಲ್ ವಿಭಾಗ ಒಟ್ಟಾಗಿ ಸೇಂದೂರದ ಪಕ್ಷ ವಹಿಸಿತು. ತೊಟ್ಟಿನ ಬಳಿಯ ಕೆಂಪನ್ನು ಸಾಕ್ಷ್ಯವಾಗಿ ಒಡ್ಡಿದರು. ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಅರ್ಧ ಗಂಟೆ ಕಳೆಯಿತು. ನಾಲ್ಕು ತರಗತಿಗಳು ಅಧ್ಯಾಪಕರಿಲ್ಲದೆ ಸುಖವಾಗಿದ್ದವು.

ಕೊನೆಗೆ ನಮ್ಮ ಲ್ಯಾಬ್ ಅಟೆಂಡರ್ ಬಂದರು. ಗುಮ್ಮಳಾಪುರದವರು, ಬೆಳಿಗ್ಗೆ ಹೊಲದ ಕೆಲಸ ಮುಗಿಸಿ, ಮೊಪೆಡ್ಡಿನಲ್ಲಿ ಬರುವವರು, ಐವತ್ತು ದಾಟಿದವರು. ಯಂತ್ರವನ್ನು ಕೈಗೆ ತೆಗೆದುಕೊಂಡು, ತೋಳಿನುದ್ದ ದೂರ ಹಿಡಿದು ನೋಡಿ, "ಸೇಂದೂರಾನೂ ಅಲ್ಲ, ಗೀಂದೂರಾನೂ ಅಲ್ಲ. ಕಾರ್ಬೈಡ್ ಹಾಕಿ ಮಾಗ್ಸವ್ರೆ. ಬಣ್ಣ ನೋಡಿದ್ರೆ ಗೊತ್ತಾಗಾಕಿಲ್ವಾ?" ಎಂದು ಹಿಂತಿರುಗಿಸಿದರು.

ಬಣ್ಣದ ಪರದೆಯಿಂದ ಆಗುವ ಪ್ರಯೋಜನದ ಮೊದಲ ಪುರಾವೆ ನನಗೆ ಸಿಕ್ಕಿತು. ಈಗ ಸೈನ್ ಎಕ್ಸ್ ರೇಖೆಯನ್ನು ಎಳೆದು ತೋರಿಸಿ ಎಂದು ಪ್ರತಿನಿಧಿಯನ್ನು ಕೇಳಿದೆ. ಅವನು ಎಲ್ಲ ಗುಂಡಿಗಳನ್ನೂ ಗೌರವದಿಂದ ನೋಡಿದ.

"ಅದಕ್ಕೆ ಬೇರೆಯವರು ಬರಬೇಕು ಮೇಡಂ. ನಾನು ಕಲರ್ ಮಾತ್ರ."

ಪ್ರಯೋಗಕ್ಕೆಂದು ಎರಡು ಬಣ್ಣದ ಯಂತ್ರಗಳನ್ನು ಬಿಟ್ಟು ಹೋದ. ಬೇರೆಯವರು ಇಂದಿಗೂ ಬಂದಿಲ್ಲ.

ನಾಲ್ಕು ವಾಕ್ಯ

ವರದಿ ಬರೆಯಲು ನನಗೆ ಒಂದು ಸಂಜೆ ಸಾಕಾಯಿತು. ಒಂದೆರಡು ರೇಖೆಗಳಷ್ಟೇ ಇದ್ದರೆ ಬಣ್ಣ ಬೇಕಿಲ್ಲ; ಒಂದನ್ನು ದಪ್ಪಗೆ, ಇನ್ನೊಂದನ್ನು ಚುಕ್ಕಿಚುಕ್ಕಿಯಾಗಿ ಎಳೆದರೆ ಸಾಕು. ಮೂರು ಅಥವಾ ಹೆಚ್ಚು ರೇಖೆಗಳು ಒಂದೇ ಪರದೆಯಲ್ಲಿ ಹಾದುಹೋದಾಗ, ಯಾವುದು ಯಾವುದೆಂದು ಗುರುತಿಸಲು ಬಣ್ಣ ನಿಜವಾಗಿಯೂ ನೆರವಾಗುತ್ತದೆ. ಬಣ್ಣದ ಯಂತ್ರವನ್ನು ಆಗಾಗ ಚಾರ್ಜಿಗೆ ಹಾಕಬೇಕು; ಹಳೆಯದು ಪೆನ್ಸಿಲ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಆದ್ದರಿಂದ ಐದು ಹೊಸವು ಸಾಕು, ಇಪ್ಪತ್ತು ಬೇಡ.

ಆಫೀಸ್ ಸೂಪರಿಂಟೆಂಡೆಂಟ್ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದರು. ಕಾಲೇಜು ಆರಂಭವಾದ ದಿನದಿಂದ ಇಪ್ಪತ್ತು ವರ್ಷ ಸಾರ್ ಅವರ ನೆರಳಿನಂತಿರುವ ವ್ಯಕ್ತಿ. ಸಾರ್ ಅವರ ಮೇಜಿಗೆ ಹೋಗುವ ಪ್ರತಿ ಹಾಳೆಯೂ ಅವರ ಕೈಯಿಂದಲೇ ಹೋಗಬೇಕು. ಸ್ಪೈರಲ್ ಬೈಂಡಿಂಗ್ ಹಾಕಲು ಬಾರದ್ದನ್ನು ವರದಿ ಎನ್ನಲಾಗದು ಎಂದು ತಮಿಳಿನಲ್ಲಿ ವಿವರಿಸಿದರು. ಏನು ಸೇರಿಸಬೇಕೆಂದು ಕೇಳಿದೆ.

"ಪೇಜು" ಎಂದರು.

ಆಯುಧ ಪೂಜೆ

ಹೊಸೂರಿನಲ್ಲಿ ಆಯುಧ ಪೂಜೆಯ ದಿನ ಲೇತ್ ಯಂತ್ರದಿಂದ ಲಾರಿಯವರೆಗೆ ಕುಂಕುಮ ಕಾಣದ ವಸ್ತುವಿರುವುದಿಲ್ಲ. ಕಾರ್ಯಾಗಾರದ ಪೂಜೆ ಮುಗಿದ ಮೇಲೆ ಉಳಿದ ಗಂಧ ಕುಂಕುಮವನ್ನು ಚೆಲ್ಲುವುದೇಕೆಂದು ನಮ್ಮ ಅಟೆಂಡರ್ ಗಣಿತ ಪ್ರಯೋಗಶಾಲೆಯ ಬೀಗ ತೆಗೆದಿದ್ದಾರೆ. ಇಪ್ಪತ್ತು ಹಳೆಯ ಕ್ಯಾಲ್ಕುಲೇಟರುಗಳನ್ನು ಸಾಲಾಗಿ ಮಲಗಿಸಿ, ಪ್ರತಿಯೊಂದರ ಹಣೆಗೆ ಬೊಟ್ಟು ಇಟ್ಟಿದ್ದಾರೆ. ಕ್ಯಾಲ್ಕುಲೇಟರಿನ ಹಣೆ ಎಲ್ಲಿರುತ್ತದೆ? ಅವರ ತೀರ್ಮಾನದಂತೆ, ಪರದೆಯ ನಟ್ಟನಡುವೆ.

ರಜೆ ಮುಗಿಸಿ ಬಂದು ನಾನು ಒರೆಸಿದೆ. ಗಂಧ ಹೋಯಿತು. ಹಳೆಯ ಪ್ಲಾಸ್ಟಿಕ್ಕಿನ ಗೀರುಗಳಿಗೆ ಇಳಿದಿದ್ದ ಕುಂಕುಮ ಹೋಗಲಿಲ್ಲ.

ಮರುವಾರದ ಕಿರುಪರೀಕ್ಷೆಯಲ್ಲಿ, ಎಕ್ಸ್ ವರ್ಗಕ್ಕೆ ಒಂದನ್ನು ಕೂಡಿಸಿದ ಸಮೀಕರಣದ ರೇಖೆಯನ್ನು ಎಳೆದು, ಅದು ಎಲ್ಲಿಂದ ಹಾದುಹೋಗುತ್ತದೆಂದು ವರ್ಣಿಸಲು ಹೇಳಿದ್ದೆ. ಆ ರೇಖೆ ಮೂಲಬಿಂದುವನ್ನು, ಎಂದರೆ ಎರಡು ಅಕ್ಷಗಳು ಕೂಡುವ ನಡುಬಿಂದುವನ್ನು, ಮುಟ್ಟುವುದೇ ಇಲ್ಲ. ಅದರ ಮೇಲುಗಡೆಯೇ ತಿರುಗಿ ಹೋಗುತ್ತದೆ. ಹದಿನಾಲ್ಕು ಮಂದಿ ಬರೆದರು: ರೇಖೆ ಮೇಲಿದೆ, ಆದರೆ ಮೂಲಬಿಂದುವಿನಲ್ಲಿ ಪ್ರತ್ಯೇಕವಾಗಿ ಒಂದು ಬಿಂದು ಇದೆ. ಒಬ್ಬ ಇನ್ನೂ ಮುಂದೆ ಹೋಗಿ, ಆ ಬಿಂದು ರೇಖೆಯಿಂದ ಜಾರಿಬಿದ್ದಿರಬಹುದೆಂದು ಊಹಿಸಿದ್ದ.

ನಾನು ಅಂಕ ಕತ್ತರಿಸಿದೆ. ಅವರು ಯಂತ್ರಗಳನ್ನು ಹಿಡಿದುಕೊಂಡು ಸಾಲಾಗಿ ಬಂದರು. ಕಣ್ಣಿಗೆ ಕಾಣುವುದನ್ನೇ ಬರೆಯಿರಿ ಎಂದು ಬೋಧಿಸಿದವಳು ನಾನೇ ಎಂಬುದನ್ನು ನೆನಪಿಸಿದರು. ಅಂಕಗಳನ್ನು ಹಿಂದಿರುಗಿಸಿದೆ.

ಅಟೆಂಡರಿಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಹುಡುಗರನ್ನೇ ಗದರಿದರು: "ಕುಂಕ್ಮ ಯಾವ್ದು, ಲೆಕ್ಕ ಯಾವ್ದು ಅಂತ ಗೊತ್ತಾಗಾಕಿಲ್ವೇನ್ಲಾ ನಿಮ್ಗೆ?" ಬಣ್ಣದ ಎರಡು ಯಂತ್ರಗಳಿಗೆ ಏಕೆ ಪೂಜೆ ಮಾಡಲಿಲ್ಲವೆಂದು ನಾನು ಕೇಳಿದ್ದಕ್ಕೆ, ಅವಕ್ಕೆ ಆಗಲೇ ಬಣ್ಣವಿದೆಯಲ್ಲ ಎಂದರು. ಆಮೇಲೆ ಬಾಗಿಲಲ್ಲಿ ನಿಂತು, ವರದಿಗೆ ತಮ್ಮದೊಂದು ಸಲಹೆಯಿರಲಿ ಎಂಬಂತೆ ಹೇಳಿದರು:

"ಹಳೇವ್ಕೂ ಕಲರ್ ಬಂತಲ್ಲ ಮೇಡಮ್ನೋರೇ. ಹೊಸ್ದು ಯಾಕೆ ಸುಮ್ಕೆ?"

ವಶಪಡಿಸಿಕೊಂಡ ವಸ್ತು

ಅರ್ಧವಾರ್ಷಿಕ ಪರೀಕ್ಷೆಗೆ ಮೇಲ್ವಿಚಾರಕರು ಬೇರೆ ಕಾಲೇಜಿನಿಂದ ಬರುತ್ತಾರೆ. ಬಂದವರು ಹಳೆಯ ಯಂತ್ರಗಳ ಬಗ್ಗೆ ಏನೂ ಹೇಳಲಿಲ್ಲ. ಬಣ್ಣದ್ದು ಹಿಡಿದಿದ್ದ ಇಬ್ಬರು ಹುಡುಗರನ್ನು ಎಬ್ಬಿಸಿ ನಿಲ್ಲಿಸಿದರು. ಪರದೆಯಲ್ಲಿ ಬಣ್ಣವಿದ್ದರೆ ಅದು ಫೋನು. ಇದು ಅವರ ಸಿದ್ಧಾಂತ. ನಾನು ಹೋಗಿ ಗುಂಡಿಗಳನ್ನು ತೋರಿಸಿದೆ. ಹಳೆಯ ಫೋನುಗಳಿಗೂ ಗುಂಡಿಗಳಿದ್ದವು ಎಂದರು. ಸಿಮ್ ಹಾಕುವ ಜಾಗವಿಲ್ಲ ಎಂದೆ. ಈಗಿನವರು ಬಹಳ ಚುರುಕು, ಒಳಗೇ ಹಾಕಿಸಿಕೊಂಡು ಬರುತ್ತಾರೆ ಎಂದರು. ಯಾವ ವಾದವನ್ನು ಮುಂದಿಟ್ಟರೂ ಅದು ಆ ಹುಡುಗರ ಅಪರಾಧವನ್ನು ಹೆಚ್ಚಿಸುತ್ತಿತ್ತು, ಆದ್ದರಿಂದ ನಿಲ್ಲಿಸಿದೆ.

ಪರೀಕ್ಷೆಯ ನಂತರ ಯಂತ್ರಗಳನ್ನು ನಮ್ಮ ಕಚೇರಿಗೆ ಒಪ್ಪಿಸಿ, ಅವರು ಸಹಿ ಹಾಕಿಕೊಟ್ಟ ಪಟ್ಟಿಯಲ್ಲಿ ಹೀಗಿತ್ತು: "ವಶಪಡಿಸಿಕೊಂಡ ಫೋನು: ಎರಡು. ಕರೆ ಹೋಗುತ್ತಿಲ್ಲ."

ಅವ್ವನ ಪ್ರಶ್ನೆ

ಆಲಸನತ್ತಂನ ನಮ್ಮ ಮನೆಯಲ್ಲಿ ಅವ್ವ ದಿನವೂ ಕೇಳುವುದು ಒಂದೇ: ಆರ್ಡರ್ ಬಂತಾ. ಜನವರಿಯ ಹೊತ್ತಿಗೆ ವರದಿ ಮೂವತ್ತೊಂದು ಪುಟವಾಗಿ, ಮೂರು ಸಲ ಹಿಂತಿರುಗಿತ್ತು. ಬಣ್ಣದ ಚರಿತ್ರೆ, ಕಣ್ಣಿನ ರಚನೆ, ಕಾಮನಬಿಲ್ಲು, ಎಲ್ಲವನ್ನೂ ಸೇರಿಸಿದ್ದೆ. ನಡುವೆ ಎಲ್ಲೋ ಆ ನಾಲ್ಕು ವಾಕ್ಯಗಳೂ ಇದ್ದವು.

ಅವ್ವ ರೊಟ್ಟಿ ತಟ್ಟುತ್ತ ಕೇಳಿದಳು: "ಬಣ್ಣ ಬೇಕು ಅಂದ್ರೆ ಕೆಲ್ಸ ಕೊಡ್ತಾರಾ, ಬ್ಯಾಡ ಅಂದ್ರೆ ಕೊಡ್ತಾರಾ? ಅದ್ನ ಮೊದ್ಲು ತಿಳ್ಕೊ. ಆಮ್ಯಾಕೆ ಬರಿ."

ವರದಿ ಹಾಗಲ್ಲ, ಮೊದಲು ಪರೀಕ್ಷಿಸಬೇಕು, ಅನಂತರ ಕಂಡದ್ದನ್ನು ಬರೆಯಬೇಕು ಎಂದು ನಾನು ವಿಧಾನವನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಓ. ಅದ್ಕೇನಾ ನಿಂಗೆ ಇನ್ನೂ ಪರ್ಮನೆಂಟ್ ಆಗಿಲ್ಲ."

ನೀತಿ ಸಂಹಿತೆ

ಆಮೇಲೆ ಚುನಾವಣೆ ಘೋಷಣೆಯಾಯಿತು. ನಮ್ಮ ಕಾಲೇಜು ಮತಗಟ್ಟೆ. ಸೂಪರಿಂಟೆಂಡೆಂಟ್ ಕೈಯಲ್ಲಿ ಹಳೆಯ ಪತ್ರಿಕೆಗಳನ್ನೂ ಅಂಟನ್ನೂ ಹಿಡಿದುಕೊಂಡು, ಗೋಡೆಯ ಮೇಲಿನ ರಾಜಕಾರಣಿಗಳ ಹೆಸರುಗಳನ್ನು ಮುಚ್ಚುತ್ತ ಪ್ರಯೋಗಶಾಲೆಗೆ ಬಂದರು. ಬಣ್ಣದ ಯಂತ್ರದಲ್ಲಿ ಆಗ ಎರಡು ರೇಖೆಗಳಿದ್ದವು: ಒಂದು ಕಪ್ಪು, ಒಂದು ಕೆಂಪು.

ಅವರ ಮುಖವೇ ಕಪ್ಪಾಯಿತು. ಇಂಥ ಸಮಯದಲ್ಲಿ ಒಂದು ಪಕ್ಷದ ಬಾವುಟದ ಈ ಎರಡು ಬಣ್ಣಗಳನ್ನು ಒಟ್ಟಿಗೆ ಇಡುವುದೇ ಎಂದರು. ಅವು ಯಂತ್ರ ತಾನಾಗಿ ಆರಿಸಿದ ಬಣ್ಣಗಳು ಎಂದೆ. ಯಂತ್ರಕ್ಕೆ ಮತವಿಲ್ಲ, ನಿಮಗಿದೆ ಎಂದರು.

ಕಪ್ಪನ್ನು ತೆಗೆದು ಹಸಿರು ಹಾಕಿದೆ. ಅದಕ್ಕೂ ಒಂದು ಪಕ್ಷವಿತ್ತು. ಹಸಿರನ್ನು ಬಿಟ್ಟು ಕೇಸರಿ ಹಾಕಿದೆ. ಅವರು ಬಾಗಿಲು ಮುಚ್ಚಿದರು. ನೀಲಿ ಹಾಕಿದೆ. ಅವರು ಸ್ವಲ್ಪ ಯೋಚಿಸಿ, ಅದೂ ಬೇಡವೆಂದು ತಲೆಯಾಡಿಸಿದರು. ಯಾವ ಬಣ್ಣವನ್ನು ಯಾವುದರ ಪಕ್ಕದಲ್ಲಿಟ್ಟರೂ ಅದು ಯಾರದೋ ಬಾವುಟವಾಗುತ್ತಿತ್ತು. ಸಾಕಾಗಿ, ಕೊನೆಗೆ ಒಂದನ್ನು ಹಳದಿ, ಒಂದನ್ನು ಕೆಂಪು ಮಾಡಿದೆ. ಇಲ್ಲಿ ಈ ಜೋಡಿಯ ಪಕ್ಷವಂತೂ ಇಲ್ಲವೆಂಬ ನಂಬಿಕೆಯಿಂದ.

ಸೂಪರಿಂಟೆಂಡೆಂಟ್ ಕಿಟಕಿಯನ್ನೂ ಮುಚ್ಚಿದರು. ಅನಂತರ, ತಗ್ಗಿದ ದನಿಯಲ್ಲಿ, ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು: "ಮೇಡಂ, ಇದು ಹೊಸೂರು. ಆ ಬಾವುಟ ಅತ್ತಿಬೆಲೆ ಆಚೆ. ನೀವು ಗಡಿ ದಾಟಬೇಡಿ."

ಎಲ್ಲ ರೇಖೆಗಳನ್ನೂ ಬೂದು ಮಾಡಿದೆ. ಅವರಿಗೆ ಸಮಾಧಾನವಾಯಿತು. ಎರಡು ಯಂತ್ರಗಳ ಹಿಂಬದಿಗೂ ಒಂದೊಂದು ಚೀಟಿ ಅಂಟಿಸಿ ಹೋದರು: ಮತ ಎಣಿಕೆ ಮುಗಿಯುವವರೆಗೆ ಬಣ್ಣ ಬಳಸತಕ್ಕದ್ದಲ್ಲ.

ಸಹಿ

ಎಣಿಕೆ ಮುಗಿದ ವಾರ, ನನ್ನ ಮೂರು ವರ್ಷಗಳು ತುಂಬಲು ಎರಡು ದಿನ ಬಾಕಿ ಇರುವಾಗ, ಕರೆ ಬಂತು. ಸಾರ್ ಅವರ ಮೇಜಿನ ಮೇಲೆ ನನ್ನ ವರದಿ, ನಲವತ್ತಾರು ಪುಟ, ಸ್ಪೈರಲ್ ಸಹಿತ. ಪಕ್ಕದಲ್ಲಿ ಒಂದು ಹಳೆಯ ಯಂತ್ರ, ಒಂದು ಬಣ್ಣದ್ದು. ಸೂಪರಿಂಟೆಂಡೆಂಟ್ ಎಂದಿನಂತೆ ಕುರ್ಚಿಯ ಬಲಕ್ಕೆ ನಿಂತಿದ್ದರು. ಅವರ ಕೈಯಲ್ಲಿದ್ದ ಕಡತದಲ್ಲಿ ನನ್ನ ಖಾಯಮಾತಿಯ ಆದೇಶವಿತ್ತು; ಟೈಪಾಗಿ, ಸಹಿಗೆ ಕಾದಿತ್ತು.

ಸಾರ್ ಅವರ ಸಹಿಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅವರು ಕಡತದ ಮೇಲೆ ಒಪ್ಪಿದೆ, ಒಪ್ಪಿಲ್ಲ ಎಂದು ಬರೆಯುವವರಲ್ಲ. ಹಸಿರು ಮಸಿಯಲ್ಲಿ ಸಹಿ ಹಾಕಿದರೆ ಮಂಜೂರು, ಕೆಂಪಿನಲ್ಲಿ ಹಾಕಿದರೆ ತಿರಸ್ಕೃತ. ಇಡೀ ಕಾಲೇಜು ಓದುವುದು ಮಸಿಯನ್ನು. ಪ್ರತಿ ಸಲವೂ ಅವರು ಬಾಯಲ್ಲಿ ತೀರ್ಮಾನ ಹೇಳಿದೊಡನೆ, ಸೂಪರಿಂಟೆಂಡೆಂಟ್ ತಕ್ಕ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಡುತ್ತಾರೆ. ಅದನ್ನು ನಾನು ದಾಸ್ಯವೆಂದು ಭಾವಿಸಿ, ಮೂರು ವರ್ಷ ಮನಸ್ಸಿನಲ್ಲೇ ತಿರಸ್ಕರಿಸಿದ್ದೆ.

"ತೋರಿಸಮ್ಮಾ" ಎಂದರು ಸಾರ್.

ಎರಡೂ ಯಂತ್ರಗಳಲ್ಲಿ ಅವೇ ಮೂರು ರೇಖೆಗಳನ್ನು ಎಳೆದೆ; ಬಣ್ಣದ್ದರಲ್ಲಿ ಅವು ಕೆಂಪು, ಹಸಿರು, ಕಂದು. ಕೆಂಪು ರೇಖೆ ಹಸಿರನ್ನು ಎಲ್ಲಿ ಕಡಿಯುತ್ತದೆಂದು ಬೆರಳಿಟ್ಟು ತೋರಿಸಿ ಎಂದು ಕೇಳಿದೆ. ಬಣ್ಣದ ಪ್ರಯೋಜನವನ್ನು ಒಂದೇ ಏಟಿಗೆ ಸಾಬೀತು ಮಾಡುವ ಪ್ರಶ್ನೆ ಅದು. ಅವರು ಕನ್ನಡಕ ತೆಗೆದರು, ಹಾಕಿದರು. ಬೆರಳನ್ನು ಕಂದು ರೇಖೆಯ ಮೇಲಿಟ್ಟು, ಅಲ್ಲಿಂದ ಎತ್ತಿ, ಹಳೆಯ ಯಂತ್ರವನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಎರಡೂ ಒಂದೇ ಥರ ಇದೆಯಲ್ಲಮ್ಮಾ. ಇದರಲ್ಲಿ ಕಲರ್ ಎಲ್ಲಿ?"

ಸೂಪರಿಂಟೆಂಡೆಂಟ್ ಕೆಮ್ಮಿದರು. ಆ ಕೆಮ್ಮು ಇಪ್ಪತ್ತು ವರ್ಷ ಹಳೆಯದೆಂದು ಕೇಳಿದೊಡನೆ ತಿಳಿಯಿತು. ಆ ಕಾಲದಲ್ಲಿ ಸಾರ್ ಕಪ್ಪು ಗ್ರಾನೈಟನ್ನಷ್ಟೇ ಏಕೆ ಮಾರಿದರು ಎಂಬುದೂ ತಿಳಿಯಿತು. ನಾನು ಬೇಗನೆ ಹಳೆಯ ಯಂತ್ರದ ಮೂರು ರೇಖೆಗಳನ್ನು ದಪ್ಪ, ತೆಳು, ಚುಕ್ಕಿ ಮಾಡಿ, ದಪ್ಪನೆಯದು ತೆಳುವಾದದ್ದನ್ನು ಎಲ್ಲಿ ಕಡಿಯುತ್ತದೆಂದು ಕೇಳಿದೆ. ಅವರು ತಕ್ಷಣ ಸರಿಯಾದ ಬಿಂದುವಿನ ಮೇಲೆ ಬೆರಳಿಟ್ಟು, ಈಗ ಕಲರ್ ಚೆನ್ನಾಗಿ ಬಂತು ಎಂದು ಮೆಚ್ಚಿದರು. ಹೊಸ ಯಂತ್ರ ಬೇಡ, ಹಳೆಯದರಲ್ಲೇ ಇಷ್ಟು ಕಲರ್ ಬರುವಾಗ ಯಾಕೆ ಎಂದರು. ನಲವತ್ತಾರು ಪುಟಗಳನ್ನು ಅವರು ತೆರೆಯಲಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಬಸ್ ಚಾಲಕರಿಬ್ಬರ ಜಗಳವೆಂದು ಫೋನ್ ಬಂತು. ಸೂಪರಿಂಟೆಂಡೆಂಟ್ ಕಡತವನ್ನು ಮೇಜಿನ ಮೇಲಿಟ್ಟು ಓಡಿದರು. ಇಪ್ಪತ್ತು ವರ್ಷಗಳಲ್ಲಿ ಸಹಿಯ ಹೊತ್ತಿಗೆ ಅವರು ಕುರ್ಚಿಯ ಬಲಬದಿಯನ್ನು ಬಿಟ್ಟದ್ದು ಅದೇ ಮೊದಲಿರಬೇಕು.

ಸಾರ್ ನನ್ನ ಆದೇಶವನ್ನು ತಾವೇ ಎಳೆದುಕೊಂಡು ಓದಿದರು. "ಚೆನ್ನಾಗಿ ದುಡಿದಿದ್ದೀಯ. ಇನ್ನು ರಿಟೈರ್ ಆಗೋವರೆಗೂ ಇಲ್ಲೇ ಇರು" ಎಂದು ಹರಸಿದರು. ಸ್ಟ್ಯಾಂಡಿನಲ್ಲಿದ್ದ ಎರಡು ಪೆನ್ನುಗಳಲ್ಲಿ ಒಂದನ್ನು ಎತ್ತಿಕೊಂಡರು.

ಕೆಂಪು.

ಮುಚ್ಚಳ ತೆಗೆದು, ಪೆನ್ನು ಹಾಳೆಗೆ ತಗಲುವವರೆಗೆ ನನಗೆ ಸುಮಾರು ಎರಡು ಸೆಕೆಂಡುಗಳ ಕಾಲಾವಕಾಶವಿತ್ತು. ಇಪ್ಪತ್ತು ವರ್ಷಗಳಿಂದ ಯಾರೂ ಆಡದ ಮಾತನ್ನು ಆಡಲು ಅಷ್ಟು ಸಾಕಾಗಿತ್ತು. ನಿಖರತೆಯ ಬಗ್ಗೆ ಪ್ರತಿ ಸೋಮವಾರ ಉಪನ್ಯಾಸ ಕೊಡುವವಳು ನಾನು. ಸುಮ್ಮನಿದ್ದೆ. ಅವರು ವಿಸ್ತಾರವಾಗಿ, ಪ್ರೀತಿಯಿಂದ, ಅಡಿಗೆರೆ ಸಹಿತ ಸಹಿ ಹಾಕಿದರು.

ಜಗಳ ಬಿಡಿಸಿ ಹಿಂತಿರುಗಿದ ಸೂಪರಿಂಟೆಂಡೆಂಟ್ ಕಚೇರಿಯಲ್ಲಿ ಆ ಹಾಳೆಯನ್ನು ಕಂಡು ಕುಳಿತುಬಿಟ್ಟರು. ಕೆಂಪೆಂದರೆ ತಿರಸ್ಕೃತ, ನಿಯಮ ನಿಯಮವೇ ಎಂದರು. ಬಾಯಾರೆ ಹರಸಿದ್ದಾರೆ ಎಂದೆ. ಹರಕೆಯನ್ನು ಫೈಲ್ ಮಾಡಲು ಬರುವುದಿಲ್ಲ ಎಂದರು. ಹಾಗಾದರೆ ಒಳಗೆ ಹೋಗಿ, ಇದು ಕೆಂಪು ಎಂದು ಹೇಳಿ, ಹಸಿರಿನಲ್ಲಿ ಇನ್ನೊಮ್ಮೆ ಹಾಕಿಸಿಕೊಂಡು ಬನ್ನಿ ಎಂದೆ.

"ನೀಂಗಳೇ ಸೊಲ್ಲುಂಗೋ" ಎಂದರು. ನೀವೇ ಹೇಳಿ.

ಇಬ್ಬರೂ ಬಾಗಿಲ ಕಡೆ ನೋಡಿದೆವು. ಇಬ್ಬರೂ ಏಳಲಿಲ್ಲ. ನನ್ನ ಮೂರು ವರ್ಷಗಳು ಅವರ ಮೇಜಿನ ಮೇಲೆ, ಕೆಂಪಗೆ ಬಿದ್ದಿದ್ದವು.

ಮೂಲೆಯಲ್ಲಿ ಕಡತ ಕಟ್ಟುತ್ತಿದ್ದ ನಮ್ಮ ಅಟೆಂಡರ್ ಎದ್ದು ಬಂದು, ಸರ್ವಿಸ್ ರಿಜಿಸ್ಟರಿಗೆ ಹಾಕುವುದು ಮೂಲಪ್ರತಿಯನ್ನೋ ಜೆರಾಕ್ಸನ್ನೋ ಎಂದು ವಿಚಾರಿಸಿದರು. ಜೆರಾಕ್ಸ್, ಮೂಲಪ್ರತಿ ಅವರವರ ಕೈಗೆ ಎಂದರು ಸೂಪರಿಂಟೆಂಡೆಂಟ್, ಬೇಸರದಿಂದ. ಹೇಳಿ ಮುಗಿಸುವಷ್ಟರಲ್ಲಿ ಅವರ ಬೇಸರ ಅರ್ಧದಲ್ಲೇ ನಿಂತಿತು. ಅಟೆಂಡರ್ ಆಗಲೇ ಹಾಳೆಯನ್ನು ಎತ್ತಿಕೊಂಡು ಹೋಗಿ, ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಮಕಾಡೆ ಮಲಗಿಸಿ, ಗುಂಡಿಯ ಮೇಲೆ ಬೆರಳಿಟ್ಟು ತಿರುಗಿದರು.

"ಕಲರ್ ತೆಗೀಲಾ, ಬ್ಲ್ಯಾಕ್ ಅಂಡ್ ವೈಟಾ?"

"ಬ್ಲ್ಯಾಕ್ ಅಂಡ್ ವೈಟ್" ಎಂದೆವು ಇಬ್ಬರೂ, ಒಂದೇ ಉಸಿರಿಗೆ.